ಚಿವಿತಾವೆಕ್ಯಾ ಬಂದರಿನಿಂದ ರೋಮ್‌ಗೆ ರೈಲಾ, ಹಡಗಿನವರ ಟೂರಾ?

ಅಲೆಮಾರಿ:
ನಮ್ಮ ಕ್ರೂಸ್ ಬೆಳಿಗ್ಗೆ 7ಕ್ಕೆ ಚಿವಿತಾವೆಕ್ಯಾ ತಲುಪುತ್ತದೆ, ಸಂಜೆ 7ಕ್ಕೆ ಹೊರಡುತ್ತದೆ. ಹಡಗಿನವರ ಟೂರ್ ತುಂಬಾ ದುಬಾರಿ. ಜೊತೆಗೆ ಅಮ್ಮ ಇದ್ದಾರೆ, ಜಾಸ್ತಿ ನಡೆಯೋಕೆ ಆಗಲ್ಲ. ವ್ಯಾಟಿಕನ್, ಕೊಲೋಸಿಯಂ ಎರಡೂ ನೋಡಬೇಕು. ನಾವೇ ಹೋಗಬಹುದಾ?

ರೈಲುಹುಚ್ಚ:
ಧಾರಾಳವಾಗಿ ಹೋಗಬಹುದು. ಬಂದರಿನೊಳಗೆ ನಡೆಯೋಕೆ ಬಿಡಲ್ಲ, ಶಟಲ್ ಬಸ್ ಲಾರ್ಗೊ ದೆಲ್ಲಾ ಪಾಚೆ ಅನ್ನೋ ಬಸ್ ನಿಲ್ದಾಣದವರೆಗೆ ಬಿಡುತ್ತದೆ, ಅಲ್ಲಿಂದ ಸ್ಟೇಷನ್‌ಗೆ ಇನ್ನೊಂದು ಬಸ್ ಸಿಗುತ್ತದೆ. ರೀಜನಲ್ ರೈಲು ಹಿಡಿಯಿರಿ, ರೋಮ್‌ನ ಮುಖ್ಯ ಸ್ಟೇಷನ್ ಟೆರ್ಮಿನಿಗೆ ಸುಮಾರು ಒಂದೂಕಾಲು ಗಂಟೆ. ಆದರೆ ನೀವು ಟೆರ್ಮಿನಿವರೆಗೆ ಹೋಗಬೇಡಿ, ಅದಕ್ಕೂ ಮೊದಲೇ ಬರುವ ಸಾನ್ ಪಿಯೆತ್ರೊ ಸ್ಟೇಷನ್‌ನಲ್ಲಿ ಇಳಿದರೆ ವ್ಯಾಟಿಕನ್ ಹತ್ತಿರ, ಅಮ್ಮನಿಗೂ ಸುಲಭ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಮೆಷಿನ್‌ನಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ.

ಕಡಲಕಾಗೆ:
ಯಾವ ವಾರ ಅಂತ ಹೇಳಲೇ ಇಲ್ಲವಲ್ಲ? ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಸಾಮಾನ್ಯವಾಗಿ ತೆರೆದಿರುತ್ತದೆ. ಬುಧವಾರ ಬೆಳಿಗ್ಗೆ ಪೋಪ್ ದರ್ಶನಕ್ಕೆ ಸೇಂಟ್ ಪೀಟರ್ಸ್ ಚರ್ಚ್ ಮುಂದಿನ ಚೌಕದಲ್ಲಿ ಜನಜಂಗುಳಿ. ನನ್ನ ಕೇಳಿದರೆ ಒಂದೇ ದಿನ ಮ್ಯೂಸಿಯಂ, ಕೊಲೋಸಿಯಂ ಎರಡೂ ಬೇಡ. ಮ್ಯೂಸಿಯಂ ಬಿಡಿ, ಚರ್ಚ್ ನೋಡಿ, ಕೊಲೋಸಿಯಂಗೆ ಟ್ಯಾಕ್ಸಿ ಮಾಡಿ.

ರೈಲುಹುಚ್ಚ:
ಇನ್ನೊಂದು ಮಾತು. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನಿಮಗೆ ಕಾಯಲ್ಲ. ಹತ್ತಲು ಕೊನೆಯ ಸಮಯ ಹೊರಡುವುದಕ್ಕಿಂತ ಮುಂಚೆಯೇ ಇರುತ್ತದೆ. ಮಧ್ಯಾಹ್ನ ಮೂರೂವರೆ ರೈಲಿಗಾದರೂ ಹೊರಟುಬಿಡಿ. ಇಟಲಿಯಲ್ಲಿ ರೈಲ್ವೆ ಮುಷ್ಕರ ಅಪರೂಪ ಅಲ್ಲ, ಹಿಂದಿನ ದಿನವೇ ನೋಡಿಕೊಳ್ಳಿ.

ಅಲೆಮಾರಿ:
ಬುಧವಾರವೇ! ಹಾಗಾದರೆ ಮೊದಲು ಕೊಲೋಸಿಯಂ, ಮಧ್ಯಾಹ್ನ ವ್ಯಾಟಿಕನ್, ವಾಪಸ್ ಸಾನ್ ಪಿಯೆತ್ರೊದಿಂದಲೇ ರೈಲು. ಸರಿ ಅಲ್ವಾ?

ಕಡಲಕಾಗೆ:
ಸರಿ. ಕೊಲೋಸಿಯಂ ಟಿಕೆಟ್ ಈಗಲೇ ಬುಕ್ ಮಾಡಿ.