ಎಐ ಬಂದ್ರೆ ಹಡಗಿನ ಎಂಜಿನ್ ರೂಮಿನಲ್ಲಿ ನೌಕರಿ ಉಳಿಯುತ್ತಾ?

ಕಲಬುರಗಿ ಮೆಕ್ಯಾನಿಕಲ್:
ಎಲ್ಲರಿಗೂ ನಮಸ್ಕಾರ. ಬಿಇ ಕೊನೇ ವರ್ಷದಲ್ಲಿದ್ದೇನೆ. ಮುಗಿಸಿ ಜಿಎಂಇ ಕೋರ್ಸ್ (ಮೆಕ್ಯಾನಿಕಲ್ ಬಿಇ ಆದವರನ್ನು ಹಡಗಿನ ಎಂಜಿನಿಯರ್ ಮಾಡುವ ತರಬೇತಿ) ಮಾಡಿ ಹಡಗು ಸೇರುವ ಆಸೆ. ಅಪ್ಪ ಒಪ್ಪುತ್ತಿಲ್ಲ. "ತೊಗರಿ ಹೊಲ ಅಡವಿಟ್ಟು ಫೀ ಕಟ್ಟಿದ ಮೇಲೆ ಆ ಕೆಲಸ ಕಂಪ್ಯೂಟರೇ ಮಾಡಿದ್ರೆ?" ಅಂತಾರೆ. ನಾರ್ವೆಯಲ್ಲಿ ತಾನೇ ಓಡುವ ಹಡಗಿನ ವಿಡಿಯೋ ಬೇರೆ ಅವರಿಗೆ ಯಾರೋ ಕಳಿಸಿದ್ದಾರೆ. ಆ ಕೆಲಸದಲ್ಲಿ ಇರುವವರು ನಿಜ ಹೇಳಿ.

ಆಳಂದದ ಸೆಕೆಂಡ್ ಎಂಜಿನಿಯರ್:
ತಮ್ಮಾ, ರಜೆಗೆ ಊರಿಗೆ ಬಂದಿದ್ದೇನೆ, ಪುರುಸೊತ್ತಾಗಿ ಬರೆಯುತ್ತೇನೆ.

ಅಪ್ಪಾಜಿ ನೋಡಿದ್ದು 'ಯಾರಾ ಬಿರ್ಕೆಲಾಂಡ್' ಇರಬೇಕು. ಅದು ಬ್ಯಾಟರಿ ಹಡಗು. ಗೊಬ್ಬರದ ಕಾರ್ಖಾನೆಯಿಂದ ಪಕ್ಕದ ಬಂದರಿಗೆ ಕಂಟೇನರ್ ಒಯ್ಯುತ್ತದೆ. ನಮ್ಮದು ಮನೆಗಿಂತ ಎತ್ತರದ ಡೀಸೆಲ್ ಎಂಜಿನ್, ವಾರಗಟ್ಟಲೆ ದಡವೇ ಕಾಣಲ್ಲ.

ರಾತ್ರಿ ಎಂಜಿನ್ ರೂಮು ಖಾಲಿ ಬಿಡುವುದೂ ಹೊಸದಲ್ಲ. ಯುಎಂಎಸ್ ಅಂತಾರೆ, ದಶಕಗಳಿಂದ ಇದೆ. ಸಂಜೆ ರೌಂಡ್ಸ್ ಮುಗಿಸಿ ಮೇಲೆ ಬಂದು ಮಲಗುತ್ತೇವೆ. ಏನಾದ್ರೂ ಆದರೆ ಡ್ಯೂಟಿಯವನ ಕ್ಯಾಬಿನ್‌ನಲ್ಲಿ ಅಲಾರಂ ಕೂಗುತ್ತದೆ. ಅವನು ಬೇಗ ಕೆಳಗಿಳಿದು, ನೋಡಿದೆ ಅಂತ ಬಟನ್ ಒತ್ತದಿದ್ದರೆ ಉಳಿದವರನ್ನೂ ಎಬ್ಬಿಸುತ್ತದೆ.

ಈಗ ಎಕ್ಸಾಸ್ಟ್ ಟೆಂಪರೇಚರ್, ಸಿಲಿಂಡರ್ ಪ್ರೆಶರ್, ಬೇರಿಂಗ್ ವೈಬ್ರೇಶನ್ ಎಲ್ಲ ದಡದ ಆಫೀಸಿಗೆ ಹೋಗುತ್ತದೆ. ಸಾಫ್ಟ್‌ವೇರ್ ನೋಡಿ "ಮೂರನೇ ಯೂನಿಟ್ ಫ್ಯುಯೆಲ್ ವಾಲ್ವ್ ಚೆಕ್ ಮಾಡಿ" ಅನ್ನುತ್ತದೆ. ಬಹಳ ಸಲ ಸರಿಯಾಗೇ ಹೇಳುತ್ತದೆ. ಆದ್ರೆ ಹಡಗು ಹೊಯ್ದಾಡುವಾಗ ಆ ವಾಲ್ವ್ ಬಿಚ್ಚಿ, ಟೆಸ್ಟ್ ಮಾಡಿ, ಬೆವರು ಒರೆಸಿಕೊಂಡು ಮತ್ತೆ ಕೂರಿಸುವವರು ನಾವೇ.

2024ರ ಮಾರ್ಚ್ 26ರಂದು 'ಡಾಲಿ' ಹಡಗು ಕರೆಂಟ್ ಹೋಗಿ ಅಮೆರಿಕದ ಬಾಲ್ಟಿಮೋರಿನ ಸೇತುವೆಗೆ ಗುದ್ದಿತಲ್ಲ? ಸೇತುವೆ ಮೇಲೆ ಕೆಲಸ ಮಾಡುತ್ತಿದ್ದ 6 ಜನ ಸತ್ತರು. ತನಿಖೆಯಲ್ಲಿ ಸಿಕ್ಕಿದ್ದು ಒಂದು ಸಡಿಲ ವೈರು. ವೈರಿಗೆ ಹಾಕಿದ್ದ ಲೇಬಲ್ ಪಟ್ಟಿಯೇ ಅಡ್ಡ ಬಂದು ಅದು ಟರ್ಮಿನಲ್‌ನಲ್ಲಿ ಪೂರ್ತಿ ಕೂತಿರಲಿಲ್ಲ. ಅಂಥದ್ದನ್ನು ಪ್ಯಾನೆಲ್ ತೆಗೆದು ಎಳೆದು ನೋಡುವ ಕೈ ಬೇಕು.

ನನ್ನ ಚಿಂತೆಯೇ ಬೇರೆ. ಮೊದಲು ಹೋಗುವುದು ಜೂನಿಯರ್‌ಗಳ ಸಣ್ಣ ಕೆಲಸ: ರೌಂಡ್ಸ್, ರೀಡಿಂಗ್, ಲಾಗ್. ನಾವು ಕಲಿತದ್ದೇ ಅದರಲ್ಲಿ. ಪಂಪಿನ ಮೇಲೆ ಅಂಗೈ ಇಟ್ಟರೆ ಬೇರಿಂಗ್ ಹೇಗಿದೆ ಅಂತ ತಿಳಿಯುತ್ತಿತ್ತು. ಈಗ ಕೆಲವು ಹುಡುಗರು ಸ್ಕ್ರೀನ್ ನೋಡಿ ಬರೆದು ಸುಮ್ನೆ ಕೂರುತ್ತಾರೆ. ಕೆಟ್ಟಿದ್ದು ಪಂಪೋ ಸೆನ್ಸರೋ ಅಂತ ಕೇಳಿದರೆ ಮುಖ ನೋಡುತ್ತಾರೆ. ನೀನು ಸೇರಿದರೆ ಟಾರ್ಚ್ ಹಿಡಿದು ಒಂದೊಂದೇ ಪೈಪ್‌ಲೈನ್ ಟ್ರೇಸ್ ಮಾಡು. ಯಾರೂ ಹೇಳದಿದ್ದರೂ ಮಾಡು.

ವಾಡಿ ಸಿಮೆಂಟ್:
ಹಡಗು ನನಗೆ ಗೊತ್ತಿಲ್ಲರೀ, ಸಿಮೆಂಟಿನ ಕಲ್ಲು ಸುಡುವ ಕಿಲ್ನ್ ಗೊತ್ತು. ನಮ್ಮ ಕಂಟ್ರೋಲ್ ರೂಮಿನಲ್ಲಿ ಫೀಡು, ಕಲ್ಲಿದ್ದಲು ಎಲ್ಲ ಜಾಸ್ತಿ ಹೊತ್ತು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ. ಯಾರನ್ನೂ ತೆಗೆಯಲಿಲ್ಲ. ಆದ್ರೆ ರಿಟೈರ್ ಆದವರ ಜಾಗಕ್ಕೆ ಹೊಸಬರನ್ನು ತಗೊಳ್ಳಲಿಲ್ಲ. ನಿಮ್ಮಲ್ಲೂ ಹಂಗೇ ಆಗಲ್ವಾ?

ಆಳಂದದ ಸೆಕೆಂಡ್ ಎಂಜಿನಿಯರ್:
ಆಗಬಹುದು ರೀ, ಅದೇ ಕಡೆಯಿಂದ ಬರುತ್ತದೆ. ಒಂದು ಅಡ್ಡಿ ಇದೆ. ಹಡಗಿನಲ್ಲಿ ಕನಿಷ್ಠ ಎಷ್ಟು ಜನ ಇರಬೇಕು ಅಂತ ಬಾವುಟದ ದೇಶ, ಅಂದ್ರೆ ಹಡಗು ನೋಂದಣಿಯಾದ ದೇಶ, ಬರೆದುಕೊಟ್ಟಿರುತ್ತದೆ, ಅದಕ್ಕಿಂತ ಕೆಳಗೆ ಕಂಪನಿ ಇಳಿಯುವಂತಿಲ್ಲ. ಅದರ ಮೇಲೆ ಇಟ್ಟುಕೊಂಡ ಜೂನಿಯರ್‌ಗಳನ್ನು ಕಡಿಮೆ ಮಾಡಬಹುದು. ತಾನೇ ಓಡುವ ಹಡಗುಗಳಿಗೆ ಕಡ್ಡಾಯ ನಿಯಮ ತರಲು ವಿಶ್ವಸಂಸ್ಥೆಯ ಹಡಗು ಸಂಸ್ಥೆ ಐಎಂಒ ಇಟ್ಟುಕೊಂಡ ಗುರಿಯೇ 2032.

ಹುಮನಾಬಾದ್ ಟ್ರೈನಿ:
ಎಐ ಆಮೇಲೆ. ಫೀ ಕಟ್ಟುವ ಮುಂಚೆ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಒಪ್ಪಿದ ಡಾಕ್ಟರ್ ಹತ್ರ ಕಣ್ಣು ತೋರಿಸಿಕೋ. ಬಣ್ಣ ಗುರುತಿಸಲು ಬರದಿದ್ದರೆ ಅಲ್ಲಿಗೇ ಮುಗೀತು. ಕೆಲಸ ಕೊಡಿಸುತ್ತೇನೆ ಅಂತ ಏಜೆಂಟ್ ದುಡ್ಡು ಕೇಳಿದರೆ ಎದ್ದು ಬಾ. ಹಾಗೆ ಕೇಳುವಂತೆಯೇ ಇಲ್ಲ. ಅವರಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ (ಹಡಗಿಗೆ ಜನ ಸೇರಿಸಲು ಬೇಕಾದ ಪರವಾನಗಿ) ಇದೆಯಾ ಅಂತ ಸರ್ಕಾರದ ಪಟ್ಟಿಯಲ್ಲಿ ನೋಡು.

ಕಲಬುರಗಿ ಮೆಕ್ಯಾನಿಕಲ್:
ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ವೈರಿನ ಕಥೆ ಕೇಳಿ, "ಹಂಗಾದ್ರೆ ಎಲೆಕ್ಟ್ರಿಕಲ್ ಆಫೀಸರೇ ಆಗು" ಅಂತಿದ್ದಾರೆ. ಮೆಕ್ಯಾನಿಕಲ್ ಓದಿ ಇಟಿಒ (ಹಡಗಿನ ಎಲೆಕ್ಟ್ರಿಕಲ್ ಆಫೀಸರ್) ಆಗಬಹುದಾ ಅಣ್ಣಾ?

ಆಳಂದದ ಸೆಕೆಂಡ್ ಎಂಜಿನಿಯರ್:
ಆಗಲ್ಲ, ಅದಕ್ಕೆ ಎಲೆಕ್ಟ್ರಿಕಲ್ಲೋ ಎಲೆಕ್ಟ್ರಾನಿಕ್ಸೋ ಓದಿರಬೇಕು. ನೀನು ಜಿಎಂಇಗೇ ಹೋಗು. ಹಡಗಿನಲ್ಲಿ ಇಟಿಒ ಜೊತೆ ದೋಸ್ತಿ ಮಾಡಿಕೋ, ಡ್ರಾಯಿಂಗ್ ಓದೋದು ಅವನ ಹತ್ರ ಕಲಿ.