ಮಗು ಒದ್ದಾಗ ಬೆಳಗುವ ಬಟ್ಟೆ: ತೊಟ್ಟವರು, ಹೊಲಿದವರು ಅನುಭವ ಹೇಳಿ

ಕೇಳಿದವರು:

ನನ್ನ ತಂಗಿಗೆ ಈಗ ಏಳನೇ ತಿಂಗಳು, ಎರಡನೇ ಮಗು. ಹೊಟ್ಟೆಯೊಳಗೆ ಮಗು ಮಿಸುಕಾಡಿದಾಗೆಲ್ಲ ಮೇಲೆ ದೀಪ ಮಿನುಗುವ ಗೌನ್ ಒಂದನ್ನು ಎಲ್ಲೋ ನೋಡಿ, ಅಂಥದ್ದೇ ಬೇಕು ಅಂತ ಆಸೆಪಟ್ಟಿದ್ದಾಳೆ. ಅವಳ ಗಂಡನಿಗೆ ಇನ್ನೂ ಒದೆತ ಕೈಗೆ ಸಿಕ್ಕಿಲ್ಲ. ಅವರು ಬಂದು ಕೈಯಿಡುವಷ್ಟರಲ್ಲಿ ಮಗು ಸುಮ್ಮನಾಗಿರುತ್ತದೆ. ನಾಲ್ಕು ವರ್ಷದ ದೊಡ್ಡ ಮಗನಿಗೂ ತೋರಿಸಬೇಕಂತೆ. ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಎಲೆಕ್ಟ್ರಾನಿಕ್ಸ್ ಅಷ್ಟಕ್ಕಷ್ಟೆ. ಮಗು ಒದ್ದದ್ದು ಬಟ್ಟೆಗೆ ನಿಜವಾಗಿ ಗೊತ್ತಾಗುತ್ತದಾ? ಬ್ಯಾಟರಿ, ತಂತಿ ಹೊಟ್ಟೆಯ ಹತ್ತಿರ ಇದ್ದರೆ ತೊಂದರೆಯಿಲ್ಲವಾ? ಮಗು ಚೆನ್ನಾಗಿದೆಯಾ ಅಂತ ನೋಡಿಕೊಳ್ಳಲೂ ಇದು ಆಗುತ್ತದಾ? ತೊಟ್ಟವರು, ಮಾಡಿದವರು ದಯವಿಟ್ಟು ಹೇಳಿ.

ತೊಟ್ಟ ತಾಯಿಯೊಬ್ಬರು:

ನಾನು ಎಂಟನೇ ತಿಂಗಳಲ್ಲಿ ತೊಟ್ಟಿದ್ದೆ, ನನ್ನ ನಾದಿನಿ ಹೊಲಿದುಕೊಟ್ಟದ್ದು. ಗೊತ್ತಾಗುತ್ತದೆ, ಆದರೆ ಮಗುವಿನದ್ದು ಮಾತ್ರ ಅಲ್ಲ. ನಕ್ಕರೆ ಹತ್ತಿತು, ಕೆಮ್ಮಿದರೆ ಹತ್ತಿತು, ಕುರ್ಚಿಯಿಂದ ಎದ್ದರೆ ಎಲ್ಲ ದೀಪವೂ ಒಟ್ಟಿಗೆ ಹತ್ತಿತು. ಓಡಾಡುವಾಗ ಸ್ವಿಚ್ ಆಫ್ ಮಾಡಿಯೇ ಇಡಬೇಕು. ಚೆನ್ನಾಗಿ ಕೆಲಸ ಮಾಡಿದ್ದು ಸಂಜೆ ಹೊತ್ತು ದಿಂಬಿಗೆ ಒರಗಿ ಸುಮ್ಮನೆ ಕೂತಾಗ.

ಸೆನ್ಸರ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಮಗುವಿನ ತಲೆ ಆಗಲೇ ಕೆಳಗೆ ತಿರುಗಿತ್ತು. ಹಾಗಾಗಿ ಜೋರು ಒದೆತವೆಲ್ಲ ಬಲಗಡೆ ಪಕ್ಕೆಲುಬಿನ ಕೆಳಗೆ, ಕೆಳಹೊಟ್ಟೆಯಲ್ಲಿ ಬರೀ ಕೈಯಾಡಿಸಿದಂಥ ಸಣ್ಣ ಚಲನೆ. ಪಟ್ಟಿಯ ಎರಡು ಸೆನ್ಸರುಗಳಲ್ಲಿ ಒಂದು ನಡುವೆ ಹೊಕ್ಕುಳ ಮೇಲಿತ್ತು, ಅದಕ್ಕೆ ಏನೂ ತಲುಪುತ್ತಿರಲಿಲ್ಲ. ವೆಲ್ಕ್ರೋ ಹಚ್ಚಿ ಮೇಲಕ್ಕೆ, ಬಲಕ್ಕೆ ಸರಿಸಿದ ಮೇಲೆ ಸರಿಹೋಯಿತು. ಎಲ್ಲಿ ಒದೆಯುತ್ತದೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಅಂತ ಮೊದಲು ತಂಗಿಯನ್ನು ಕೇಳಿ, ಆಮೇಲೆ ಅಳತೆ ತೆಗೆಯಿರಿ.

ಒಂದು ಸಂಜೆ ಎಡಗಡೆ ಕೆಳಗಿನ ದೀಪ ಒಂದೇ ಹತ್ತಿ ಆರಿ, ಹತ್ತಿ ಆರಿ, ಗಡಿಯಾರದ ಹಾಗೆ ಒಂದೇ ಲಯದಲ್ಲಿ ಶುರುವಾಯಿತು. ದಾರ ಸಡಿಲಾಗಿದೆ ಅಂದುಕೊಂಡು ನಾದಿನಿ ಬ್ಯಾಟರಿ ತೆಗೆಯಲು ಬಂದಳು. ನಾನು ಅವಳ ಕೈ ಹಿಡಿದು ಆ ಜಾಗದ ಮೇಲೆ ಇಟ್ಟೆ. ಮಗುವಿಗೆ ಬಿಕ್ಕಳಿಕೆ ಬಂದಿತ್ತು! ಅದು ನಿಲ್ಲುವವರೆಗೂ ಇಬ್ಬರೂ ದೀಪ ನೋಡುತ್ತಾ ಕೂತಿದ್ದೆವು. ಅಷ್ಟರ ಮಟ್ಟಿಗೆ ಈ ಬಟ್ಟೆ ನನಗೆ ತುಂಬಾ ಇಷ್ಟ. ಖಂಡಿತ ಹೊಲಿಯಿರಿ.

ಬಟ್ಟೆಯ ಮೇಲೆ ಸರ್ಕ್ಯೂಟ್ ಹೊಲಿಯುವವರು:

ಈ ಯೋಚನೆಗೆ ಒಂದಷ್ಟು ವರ್ಷಗಳ ಹಿನ್ನೆಲೆ ಇದೆ. 2008ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕೋರಿ ಮೆನ್ಷರ್ ಎಂಬವರು ಬಸುರಿ ಹೆಂಡತಿಗಾಗಿ ‘ಕಿಕ್‌ಬೀ’ ಅನ್ನುವ ಹೊಟ್ಟೆಪಟ್ಟಿ ಮಾಡಿದ್ದರು. ಅದರ ಪೀಜೋ ಸೆನ್ಸರಿಗೆ ಒದೆತ ತಾಕಿದರೆ ಟ್ವಿಟರ್‌ನಲ್ಲಿ ಸಂದೇಶ ಮೂಡುತ್ತಿತ್ತು. ಅದಕ್ಕೆ ಒಂದು ವರ್ಷ ಮೊದಲು ಲೀಯಾ ಬ್ಯೂಕ್ಲಿ ರೂಪಿಸಿದ ಲಿಲಿಪ್ಯಾಡ್ ಬೋರ್ಡ್, ಅಂದರೆ ದೀಪ, ಸೆನ್ಸರುಗಳನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥದ್ದು, ಮಾರುಕಟ್ಟೆಗೆ ಬಂದಿತ್ತು. ದುಂಡಗಿನ ಬೋರ್ಡು, ಅಂಚಿನ ಸುತ್ತ ತೂತು, ಸೂಜಿಯಲ್ಲೇ ಬಟ್ಟೆಗೆ ಹೊಲಿಯಬಹುದು. ಹೊಲಿಗೆ ಬಲ್ಲ ನಿಮ್ಮಂಥವರಿಗೆ ಅದು ಒಳ್ಳೆಯ ದಾರಿ.

ಈಗ ಸೆನ್ಸರಿನ ವಿಷಯ. ಪೀಜೋ ಬಿಲ್ಲೆ ಬಾಗಿದಾಗ, ಅಂದರೆ ಆಕಾರ ಬದಲಾಗುವ ಆ ಕ್ಷಣಕ್ಕೆ ಮಾತ್ರ ವಿದ್ಯುತ್ ಹುಟ್ಟಿಸುತ್ತದೆ. ಪಟ್ಟನೆ ಬೀಳುವ ಒದೆತ ಅದಕ್ಕೆ ಸಿಗುತ್ತದೆ, ಮಗು ನಿಧಾನವಾಗಿ ಮಗ್ಗುಲು ಬದಲಿಸಿದ್ದು ಸಿಗುವುದಿಲ್ಲ. ಎಳೆದರೆ ವಿದ್ಯುತ್ ತಡೆ ಬದಲಾಗುವ ಹಿಗ್ಗುವ ರಬ್ಬರ್ ಪಟ್ಟಿ ನಿಧಾನದ ಚಲನೆಯನ್ನು ಹಿಡಿಯುತ್ತದೆ, ಆದರೆ ತಾಯಿಯ ಪ್ರತಿ ಉಸಿರನ್ನೂ ಹಿಡಿಯುತ್ತದೆ. ಚಲನೆ ಅಳೆಯುವ ಪುಟ್ಟ ಚಿಪ್, ಅಕ್ಸೆಲೆರೋಮೀಟರ್, ಹಾಕುವುದಾದರೆ ಎರಡು ಬೇಕು: ಒಂದು ಹೊಟ್ಟೆಯ ಮೇಲೆ, ಇನ್ನೊಂದು ಬೆನ್ನಿಗೋ ಎದೆಗೋ. ಎರಡೂ ಒಟ್ಟಿಗೆ ಅಲ್ಲಾಡಿದರೆ ಅಲ್ಲಾಡಿದ್ದು ತಾಯಿ; ಹೊಟ್ಟೆಯದ್ದು ಮಾತ್ರ ಅಲ್ಲಾಡಿದರೆ ಮಗು ಇರಬಹುದು. ಇರಬಹುದು ಅಷ್ಟೆ. ಕೆಮ್ಮು, ನಗು, ಕರುಳಿನ ಗುಳುಗುಳು ಎಲ್ಲವೂ ಹೊಟ್ಟೆಯಲ್ಲೇ ಆಗುವುದು. ಆಸ್ಪತ್ರೆಗಳಿಗಾಗಿ ಇಂಥ ಪಟ್ಟಿ ಮಾಡಲು ಹೊರಟ ಸಂಶೋಧಕರಿಗೂ ಕಷ್ಟ ಕೊಡುವುದು ಇದೇ, ತಾಯಿಯ ಮೈಯ ಚಲನೆಯಿಂದ ಮಗುವಿನದ್ದನ್ನು ಬೇರ್ಪಡಿಸುವುದು.

ಹಾಗಾಗಿ ನನ್ನ ಸಲಹೆ ಬೇರೆ. ಸೆನ್ಸರನ್ನೇ ಬಿಡಿ. ತಂಗಿಯ ಬೆರಳಿಗೆ ಒಂದು ಬಟನ್ ಕೊಡಿ. ಒದ್ದದ್ದು ಅವಳಿಗೆ ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಒದ್ದ ಕೂಡಲೇ ಅವಳು ಒತ್ತಲಿ, ಆ ಜಾಗದ ದೀಪ ಹತ್ತಲಿ. ಹೊಟ್ಟೆಯ ಮೇಲೆ ನಾಲ್ಕೈದು ಕಡೆ ದೀಪ, ಸೊಂಟದ ಪಕ್ಕ ಅಷ್ಟೇ ಬಟನ್ನು. ಕೆಮ್ಮಿಗೆ ಹತ್ತುವುದಿಲ್ಲ, ಏಳುವಾಗ ಹತ್ತುವುದಿಲ್ಲ, ಹತ್ತಿದ ಪ್ರತಿಯೊಂದು ದೀಪವೂ ನಿಜವಾದ ಒದೆತ. ಬೋರ್ಡೂ ಬೇಡ, ಪ್ರೋಗ್ರಾಮೂ ಬೇಡ. ನಿಮ್ಮ ಕೈಯಲ್ಲಿ ಖಂಡಿತ ಆಗುವ ಕೆಲಸ. ಸೆನ್ಸರ್ ಗೌನ್‌ಗಳನ್ನು ಮಾಡಿದ ಮೇಲೂ ನಾನು ಜನಕ್ಕೆ ಹೇಳುವುದು ಇದನ್ನೇ.

ಹೊಲಿಯುವಾಗ ನೋಡಿಕೊಳ್ಳಬೇಕಾದದ್ದು: ತಂತಿಯ ಬದಲು ವಿದ್ಯುತ್ ಹರಿಸಲು ಹೊಲಿಯುವ ಸ್ಟೀಲ್ ಎಳೆಯ ದಾರಕ್ಕೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದಿಲ್ಲ. ಬಟ್ಟೆ ಮಡಚಿದಾಗ ಪ್ಲಸ್ ಸಾಲು, ಮೈನಸ್ ಸಾಲು ಒಂದಕ್ಕೊಂದು ತಾಕಿದರೆ ಶಾರ್ಟ್ ಆಗುತ್ತದೆ. ಎರಡನ್ನೂ ದೂರದೂರ ಓಡಿಸಿ, ದಾಟಲೇಬೇಕಾದ ಕಡೆ ನಡುವೆ ಒಂದು ತುಂಡು ಬಟ್ಟೆ ಇಟ್ಟು ಹೊಲಿಯಿರಿ. ಗಂಟು ಬಿಚ್ಚಿಕೊಳ್ಳುವುದು ಜಾಸ್ತಿ, ಗಂಟಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ ಸಾಕು. ಒಳಗೆ ದಪ್ಪ ಹತ್ತಿಯ ಲೈನಿಂಗ್ ಬೇಕೇ ಬೇಕು, ಬೆವರಿನ ಮೈಗೆ ದಾರ ನೇರವಾಗಿ ತಾಕಬಾರದು. ಮೂರು ವೋಲ್ಟಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಇಷ್ಟಕ್ಕೆ ಸಾಕಾಗುತ್ತದೆ. ಕೆಂಪು, ಹಳದಿ ಎಲ್‌ಇಡಿ ಸುಮಾರು ಎರಡು ವೋಲ್ಟಿಗೇ ಹತ್ತುತ್ತವೆ. ನೀಲಿ, ಬಿಳಿಗೆ ಮೂರರ ಹತ್ತಿರ ಬೇಕು, ಬ್ಯಾಟರಿ ಸ್ವಲ್ಪ ಇಳಿದರೂ ಮಂಕಾಗುತ್ತವೆ. ಫೋನಿನಲ್ಲಿರುವಂಥ ಲಿಥಿಯಂ ಬ್ಯಾಟರಿಯನ್ನು ಹೊಟ್ಟೆಯ ಮೇಲೆ ಇಡಬೇಡಿ. ಮಡಚಿ, ಜಜ್ಜಿ ಹಾಳಾದರೆ ಅದಕ್ಕೆ ಬೆಂಕಿ ಹತ್ತುವ ಅಪಾಯ ಇದೆ.

ಹೆರಿಗೆ ವಾರ್ಡಿನ ನರ್ಸ್:

ಮೂರನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಆಗುವುದಿಲ್ಲ. ಮಗುವಿನ ಕ್ಷೇಮ ತಿಳಿಯಲು ಈ ಬಟ್ಟೆಯನ್ನು ದಯವಿಟ್ಟು ನಂಬಬೇಡಿ.

ಕಾರಣ ಹೇಳುತ್ತೇನೆ. ಮಗುವಿನ ಚಲನೆ ಸಾಮಾನ್ಯವಾಗಿ 16ರಿಂದ 24 ವಾರದ ನಡುವೆ ತಾಯಿಗೆ ಗೊತ್ತಾಗಲು ಶುರುವಾಗುತ್ತದೆ, ಚೊಚ್ಚಲಾದರೆ 20 ವಾರ ದಾಟಿದರೂ ಆಶ್ಚರ್ಯವಿಲ್ಲ. 32 ವಾರದವರೆಗೆ ಹೆಚ್ಚುತ್ತಾ ಹೋಗಿ ಆಮೇಲೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ‘ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಮಿಸುಕಾಡುವುದು ಕಡಿಮೆಯಾಗುತ್ತದೆ’ ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅದು ಸರಿಯಲ್ಲ. ಚಲನೆಯ ಬಗೆ ಬದಲಾಗಬಹುದು, ಆದರೆ ಕಡಿಮೆಯಾಗಬಾರದು, ಹೆರಿಗೆ ನೋವು ಶುರುವಾದ ಮೇಲೂ ಮಗು ಮಿಸುಕಾಡಬೇಕು. ದಿನಕ್ಕೆ ಇಷ್ಟೇ ಸಲ ಅನ್ನುವ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಆಗಿರುವುದಿಲ್ಲ. ಪ್ರತಿ ಮಗುವಿಗೂ ಅದರದೇ ಒಂದು ರೂಢಿ ಇರುತ್ತದೆ, ಅದನ್ನು ಬಲ್ಲವಳು ತಾಯಿ ಒಬ್ಬಳೇ. ಒಳಗೆ ಮಗು ನಿದ್ದೆಯನ್ನೂ ಮಾಡುತ್ತದೆ, ಒಂದೊಂದು ಸಲಕ್ಕೆ 20ರಿಂದ 40 ನಿಮಿಷ. 90 ನಿಮಿಷ ದಾಟುವುದು ಅಪರೂಪ.

ಈಗ ಯೋಚಿಸಿ. ತಾಯಿ ಕೆಮ್ಮಿದ್ದಕ್ಕೆ ದೀಪ ಹತ್ತಿದ್ದನ್ನು ನೋಡಿ ‘ಮಗು ಆಡುತ್ತಿದೆ’ ಅಂತ ಮನೆಯವರು ಸಮಾಧಾನ ಮಾಡಿಕೊಂಡರೆ? ನನಗಿರುವ ಭಯ ಇದೇ. ಹತ್ತದಿದ್ದರೆ ಗಾಬರಿಯಾಗಿ ಬರುತ್ತಾರೆ, ಅದರಿಂದ ಕೆಟ್ಟದ್ದೇನಿಲ್ಲ. ಸುಮ್ಮಸುಮ್ಮನೆ ಹತ್ತಿದ ದೀಪ ಅವರನ್ನು ಮನೆಯಲ್ಲೇ ಕೂರಿಸುತ್ತದೆ. ಮನೆಯಲ್ಲಿ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರಗಳ ಬಗ್ಗೆಯೂ ನಾವು ಇದನ್ನೇ ಹೇಳುತ್ತೇವೆ. ಬಡಿತ ಕೇಳಿತು ಅಂದರೆ ಮಗು ಕ್ಷೇಮ ಅಂತ ಅರ್ಥವಲ್ಲ. ಮಿಸುಕಾಟ ಎಂದಿನಂತಿಲ್ಲ ಅಂತ ತಂಗಿಗೆ ಅನ್ನಿಸಿದರೆ, ಬಟ್ಟೆ ಏನೇ ತೋರಿಸಲಿ, ಅದು ರಾತ್ರಿಯೇ ಆಗಿರಲಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ಸುಮ್ಮನೆ ಬಂದಿರಿ ಅಂತ ಯಾರೂ ಬೈಯುವುದಿಲ್ಲ, ಎಷ್ಟು ಸಲ ಬಂದರೂ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಆಂಟೀರಿಯರ್ ಪ್ಲಾಸೆಂಟಾ’ ಅಂತಿದ್ದರೆ, ಅಂದರೆ ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ, ಒದೆತ ಹೊರಗಿನವರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ತಂಗಿಯ ಗಂಡನಿಗೆ ಸಿಗದಿರುವುದಕ್ಕೆ ಅದೂ ಕಾರಣವಿರಬಹುದು. ಒಮ್ಮೆ ರಿಪೋರ್ಟ್ ತೆಗೆದು ನೋಡಿ. ಹಾಗಿದ್ದರೆ ಸೆನ್ಸರಿಗೂ ಕಷ್ಟ, ಆಗ ಮೇಲೆ ಹೇಳಿದ ಬಟನ್ ಉಪಾಯವೇ ಒಳ್ಳೆಯದು.

ಬೆಳಕಿನ ಬಗ್ಗೆ: ಹೊಟ್ಟೆಯ ಗೋಡೆ ದಾಟಿ ಒಳಗೆ ಸ್ವಲ್ಪ ಬೆಳಕು ಹೋಗುತ್ತದೆ. 2017ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 34 ವಾರದ 39 ಶಿಶುಗಳಿಗೆ ಹೊರಗಿನಿಂದ ಬೆಳಕಿನ ಚುಕ್ಕೆ ತೋರಿಸಿ, ಮುಖದ ಹಾಗೆ ಜೋಡಿಸಿದ ಚುಕ್ಕೆಗಳ ಕಡೆ ಅವು ಹೆಚ್ಚು ತಲೆ ತಿರುಗಿಸಿದ್ದನ್ನು ಸ್ಕ್ಯಾನಿನಲ್ಲಿ ಕಂಡಿದ್ದರು. ಹೊರಮುಖದ ಸಣ್ಣ ಎಲ್‌ಇಡಿ, ಹಿಂದೆ ದಪ್ಪ ಲೈನಿಂಗ್ ಇದ್ದರೆ ಚಿಂತೆ ಬೇಡ, ಆದರೆ ದೀಪದ ಮುಖ ಒಳಗಡೆಗೆ ಇಡಬೇಡಿ.

ಮೈಗ್ರೇನ್ ಇರುವವರು:

ಒಂದು ಮಾತು ಸೇರಿಸುತ್ತೇನೆ. ಪಟಪಟ ಮಿಟುಕುವ ದೀಪ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಟುಕಿದರೆ ಅಪಸ್ಮಾರ ಇರುವ ಕೆಲವರಿಗೆ ಫಿಟ್ಸ್ ಬರಬಹುದು, ನನ್ನಂಥವರಿಗೆ ತಲೆ ಸಿಡಿಯುತ್ತದೆ. ನಿಧಾನವಾಗಿ ಹತ್ತಿ ನಿಧಾನವಾಗಿ ಆರಲಿ.

ಎರಡು ಮಕ್ಕಳ ಅಪ್ಪ:

ಬಟನ್ ಇರುವಂಥದ್ದನ್ನೇ ನನ್ನ ಹೆಂಡತಿ ತೊಟ್ಟಿದ್ದಳು. ನನಗೂ ಕೈಗೆ ಒದೆತ ಸಿಗುತ್ತಿರಲಿಲ್ಲ. ದೀಪ ಹತ್ತಿದ ಕಡೆ ಕೈಯಿಟ್ಟು ಕಾಯುವುದನ್ನು ಕಲಿತೆ, ಮಗು ಅದೇ ಜಾಗದಲ್ಲಿ ಮತ್ತೆ ಒದೆಯುವುದು ಹೆಚ್ಚು, ಹಾಗೆ ಸಿಕ್ಕಿತು. ನಮ್ಮ ದೊಡ್ಡವಳು ದೀಪ ಹತ್ತಿದಾಗೆಲ್ಲ ಅಲ್ಲಿಗೆ ಬಾಯಿಟ್ಟು ‘ಏನೋ?’ ಅಂತ ಕೇಳುತ್ತಿದ್ದಳು, ತಮ್ಮ ಹುಟ್ಟುವ ಮೊದಲೇ ಅವನ ಹತ್ತಿರ ಮಾತು ಶುರು ಮಾಡಿದ್ದಳು.

ನಿಮ್ಮ ಮನೆಯಲ್ಲೂ ನಾಲ್ಕು ವರ್ಷದ ಮಗು ಇದೆ ಅಂದಿರಿ, ಅದಕ್ಕೇ ಒತ್ತಿ ಹೇಳುತ್ತೇನೆ: ಆ ನಾಣ್ಯದಂಥ ಬ್ಯಾಟರಿ ಮಗುವಿನ ಕೈಗೆ ಸಿಗಬಾರದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯ ಮಾಡುತ್ತದೆ. ಸ್ಕ್ರೂ ಹಾಕಿ ಮುಚ್ಚುವ ಡಬ್ಬಿಯದ್ದೇ ತನ್ನಿ. ಹಳೆಯ ಬ್ಯಾಟರಿಯನ್ನೂ ಮೇಜಿನ ಮೇಲೆ ಬಿಡಬೇಡಿ.

ಕೇಳಿದವರು:

ಎಲ್ಲರಿಗೂ ಕೈ ಮುಗಿದೆ. ರಿಪೋರ್ಟ್ ನೋಡಿದೆವು, ಮಾಸು ಮುಂದೆಯೇ ಇದೆ. ತಂಗಿಯ ಗಂಡನಿಗೆ ಹೇಳಿದಾಗ ‘ಹಾಗಾದರೆ ನನ್ನ ಕೈಯದ್ದೇನೂ ತಪ್ಪಿಲ್ಲ’ ಅಂತ ಸಮಾಧಾನಪಟ್ಟರು. ಬಟನ್ ಇರುವುದನ್ನೇ ಹೊಲಿಯುತ್ತೇನೆ, ಹಳದಿ ದೀಪ. ನರ್ಸ್ ಅಕ್ಕ ಹೇಳಿದ್ದನ್ನು ತಂಗಿಗೂ ಅವಳ ಅತ್ತೆಗೂ ಓದಿ ಹೇಳಿದೆ, ಆಸ್ಪತ್ರೆಯ ನಂಬರ್ ಇಬ್ಬರ ಫೋನಿನಲ್ಲೂ ಇದೆ. ಒಂದೇ ಅನುಮಾನ, ಒಗೆಯುವುದು ಹೇಗೆ?

ಬಟ್ಟೆಯ ಮೇಲೆ ಸರ್ಕ್ಯೂಟ್ ಹೊಲಿಯುವವರು:

ದೀಪ, ದಾರ ಎಲ್ಲವನ್ನೂ ಬೇರೆ ಒಂದು ತುಂಡು ಬಟ್ಟೆಗೆ ಹೊಲಿದು, ಅದನ್ನು ಗೌನಿನ ಒಳಗಡೆ ಲೋಹದ ಟಿಚ್ ಬಟನ್ನಿನಲ್ಲಿ ಕೂರಿಸಿ. ಗೌನ್ ತೆಳ್ಳಗಿದ್ದರೆ ಬೆಳಕು ಬಟ್ಟೆಯ ಮೂಲಕವೇ ಮೆತ್ತಗೆ ಕಾಣುತ್ತದೆ, ದೀಪ ಹೊರಗೆ ಕಾಣಿಸಲೇಬೇಕೆಂದಿಲ್ಲ. ಒಗೆಯುವಾಗ ಆ ತುಂಡನ್ನು ಬಿಚ್ಚಿಟ್ಟರಾಯಿತು. ತಂಗಿಗೆ ತೊಡಿಸುವ ಮೊದಲು ಒಂದು ದಿಂಬಿಗೆ ತೊಡಿಸಿ, ಮಡಚಿ, ತಿರುಚಿ ನೋಡಿ. ಎಲ್ಲಾದರೂ ದೀಪ ತಾನಾಗಿ ಹತ್ತಿದರೆ ಅಥವಾ ದಾರ ಬಿಸಿಯಾದರೆ ಆ ಕಡೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿ. ಹೊಟ್ಟೆ ಇನ್ನೂ ಬೆಳೆಯುತ್ತದೆ, ಎರಡೂ ಪಕ್ಕದಲ್ಲಿ ಬಿಚ್ಚಿಕೊಳ್ಳಲು ಬಟ್ಟೆ ಬಿಟ್ಟಿರಿ.