ಜಾತಿ ನಿಂದನೆ ದೂರು: ಧರಣಿಗೆ ಮುಂಚೆ ಸಮಿತಿಯವರು ಮಾಡಬೇಕಾದ್ದು ಏನು?

ಪ್ರಶ್ನೆ (ಸಂಚಾಲಕ, ಸೊರಬ ತಾಲ್ಲೂಕು ಸಮಿತಿ):
ವಕೀಲ ಮೇಡಂಗೆ ನಮಸ್ಕಾರ. ಅಡಿಕೆ ಸುಲಿಯೋಕೆ ಹೋಗಿದ್ದ ನಮ್ಮ ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬರು ಬಾಕಿ ಕೂಲಿ ಕೇಳಿದ್ದಕ್ಕೆ ತೋಟದ ಯಜಮಾನರು ಜಾತಿ ಹಿಡಿದು ಬೈದಿದ್ದಾರೆ. ಠಾಣೆಯಲ್ಲಿ ಎಫ್‌ಐಆರ್ ಮಾಡಿಲ್ಲ, ‘ವಿಚಾರಿಸ್ತೀವಿ’ ಅಂತ ಬರೀ ಸ್ವೀಕೃತಿ ಕೊಟ್ಟು ಕಳಿಸಿದ್ದಾರೆ. ನಾಳೆಯೇ ಧರಣಿ ಕೂರೋಣ ಅಂತ ಹುಡುಗರು ಹಟ ಹಿಡಿದಿದ್ದಾರೆ. ಏನು ಮಾಡೋಣ?

ಉತ್ತರ (ವಕೀಲೆ, ಶಿವಮೊಗ್ಗ):
ಮೊದಲು ಕೊಟ್ಟಿರೋ ದೂರಿನ ಪ್ರತಿ ತೆಗೆದು ಓದಿ. ಅದರಲ್ಲಿ ‘ಜಾತಿ ನಿಂದನೆ ಮಾಡಿದರು’ ಅಂತ ಅಷ್ಟೇ ಇದ್ದರೆ ಕೇಸು ಅಲ್ಲೇ ಕುಂಟುತ್ತೆ. ಬೈದ ಮಾತು ಎಷ್ಟೇ ಹೊಲಸಾಗಿರಲಿ, ಬಾಯಿಂದ ಬಂದ ಹಾಗೇ ಬರೆಯಬೇಕು. ಗಂಡಸರ ಎದುರು ಆ ಮಾತು ಹೇಳೋಕೆ ಆ ತಾಯಿಗೆ ಸಂಕೋಚ ಆಗುತ್ತೆ. ಸಮಿತಿಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೂತು ಬರೆಸಿಕೊಳ್ಳಲಿ.

ಎರಡನೆಯದು ಜಾಗ. ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಇರೋ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಆರ್) ಮತ್ತು (ಎಸ್) ನಿಲ್ಲಬೇಕಾದರೆ ಬೈಗುಳ ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ನಡೆದಿರಬೇಕು. ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ಈ ಕಲಂ ಬರಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಡೆ ಮನೆಗಳು ತೋಟದ ನಡುವೆ ಒಂಟೊಂಟಿ, ಹಾಗಾಗಿ ಇಲ್ಲೇ ಹೆಚ್ಚು ಕೇಸು ಸೋಲುತ್ತವೆ. ಮಾತು ಬಂದದ್ದು ಒಳಮನೆಯಲ್ಲೋ, ಅಂಗಳದ ಸುಲಿಯುವ ಚಪ್ಪರದಲ್ಲೋ? ಚಪ್ಪರದಲ್ಲಾದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಎಷ್ಟು ಜನ ಕೂತಿದ್ದರು, ಬೈದವರು ಅವರಿಂದ ಎಷ್ಟು ಮಾರು ದೂರ ನಿಂತಿದ್ದರು, ಕೇಳಿಸಿಕೊಂಡವರಲ್ಲಿ ನೆಂಟರಲ್ಲದವರು ಯಾರು, ಎಲ್ಲ ಹೆಸರು ಸಮೇತ ಬರೀರಿ. ಒಂದು ಕೈನಕ್ಷೆ ಲಗತ್ತಿಸಿ.

ಇನ್ನು ಠಾಣೆ ವಿಷಯ. 2018ರಲ್ಲಿ ಸೇರಿಸಿದ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ದೂರನ್ನು ವಿವರವಾಗಿ ಬರೆದು, ಮೊದಲ ಸ್ವೀಕೃತಿ ಜೊತೆಗಿಟ್ಟು, ತಡವಾದದ್ದಕ್ಕೆ ಕಾರಣವನ್ನೂ ಅದರಲ್ಲೇ ಹೇಳಿ ಮತ್ತೆ ಕೊಡಿ. ಆಗಲೂ ನಿರಾಕರಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೆ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 173(4)ರಂತೆ ಅದನ್ನೇ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ನ್ಯಾಯಾಲಯಕ್ಕೆ ಹೋಗೋಕೆ ಆ ರಸೀದಿಯೇ ಆಧಾರ. ಎಫ್‌ಐಆರ್ ಆದ ಮೇಲೆ ಪ್ರತಿ ಪುಕ್ಕಟೆ ಕೊಡಬೇಕು. ತನಿಖೆಯನ್ನು ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ಚಾರ್ಜ್‌ಶೀಟ್‌ಗೆ 60 ದಿನ.

ಪ್ರಶ್ನೆ (ಸದಸ್ಯೆ, ತೀರ್ಥಹಳ್ಳಿ):
ಅಕ್ಕ, ದೂರು ಕೊಟ್ಟ ಮೇಲೆ ಇಡೀ ಕೇರಿಯನ್ನೇ ಕೆಲಸಕ್ಕೆ ಕರೆಯೋದು ನಿಲ್ಲಿಸಿಬಿಡ್ತಾರೆ. ಅದಕ್ಕೇನು ಮಾಡೋದು?

ಉತ್ತರ (ಹಿರಿಯ ಕಾರ್ಯಕರ್ತ, ಭದ್ರಾವತಿ):
ಅದು ಬಹಿಷ್ಕಾರ, 3(1)(ಝಡ್‌ಸಿ) ಅಡಿ ಬೇರೆಯೇ ಅಪರಾಧ. ಆದರೆ ‘ಯಾರೂ ಕರೀತಿಲ್ಲ’ ಅಂತ ಬಾಯಲ್ಲಿ ಹೇಳಿದರೆ ನಿಲ್ಲಲ್ಲ. ಕೇರಿಯಲ್ಲಿ ಓದು ಬಲ್ಲ ಒಬ್ಬರ ಕೈಗೆ ಇವತ್ತೇ ನೋಟ್‌ಬುಕ್ ಕೊಡಿ. ಹೋದ ಸುಗ್ಗಿಯಲ್ಲಿ ಯಾರ ಮನೆಗೆ ಎಷ್ಟು ದಿನ ಹೋಗಿದ್ದರು, ಈ ಸಲ ಯಾವ ತಾರೀಖಿನಿಂದ ನಿಂತಿತು, ಯಾರು ಬಂದು ‘ಬರಬೇಡಿ’ ಅಂದರು, ಎದುರಿಗಿದ್ದವರು ಯಾರು, ಅಂಗಡಿಯಲ್ಲಿ ಸಾಮಾನು ಕೊಡದಿದ್ದರೆ ಅದೂ ಸೇರಿ ದಿನಾ ಬರೀಲಿ. ಒಂದೇ ದಿನ ಕೂತು ನೆನಪಿಂದ ಇಡೀ ತಿಂಗಳಿನದು ಬರೆದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತೆ.

ಪರಿಹಾರ ಭಿಕ್ಷೆ ಅಲ್ಲ, ಹಕ್ಕು. ಆರ್ ಮತ್ತು ಎಸ್ ಕಲಂಗಳಿಗೆ ನಿಯಮದಲ್ಲಿರೋದು 1 ಲಕ್ಷ ರೂಪಾಯಿ: ಎಫ್‌ಐಆರ್ ಹಂತದಲ್ಲಿ ಶೇ. 25, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಶೇ. 50, ಶಿಕ್ಷೆ ಆದಾಗ ಉಳಿದದ್ದು. ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಹಿಡಿದು ಸಮಾಜ ಕಲ್ಯಾಣ ಇಲಾಖೆಗೆ ಹೋಗಿ. ಎಷ್ಟೋ ಕಡತ ನಿಲ್ಲೋದು ಜಾತಿ ಪ್ರಮಾಣಪತ್ರದಲ್ಲಿ. ಅದಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿಸಿ. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಬಾಕಿ ಕೇಸುಗಳ ಪಟ್ಟಿಯನ್ನು ಅಲ್ಲಿಗೆ ಮುಟ್ಟಿಸೋದು ಸಂಚಾಲಕರ ಕೆಲಸ. ರಾತ್ರಿ ಹೊತ್ತು ಏನಾದರೂ ಆದರೆ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಫೋನ್ ಮಾಡಿಸಿ.

ಧರಣಿ ಬೇಡ ಅಂತಲ್ಲ. ನಮ್ಮ ಸೊರಬದ ಚಂದ್ರಗುತ್ತಿಯಲ್ಲಿ ಭಕ್ತರು ಬೆತ್ತಲಾಗಿ ಹರಕೆ ತೀರಿಸುತ್ತಿದ್ದ ಬೆತ್ತಲೆ ಸೇವೆಗೆ 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಏಟು ತಿಂದೂ ಎದುರು ನಿಂತರು, ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ಎಫ್‌ಐಆರ್‌ಗೆ ಮುಂಚೆ ಹುಡುಗರು ಯಜಮಾನರ ಗೇಟಿಗೆ ಹೋದರೆ ಅತಿಕ್ರಮ ಪ್ರವೇಶ ಅಂತ ಎದುರು ದೂರು ಬೀಳುತ್ತೆ, ಆಮೇಲೆ ‘ಎರಡೂ ಕಡೆ ವಾಪಸ್ ತಗೊಳ್ಳಿ’ ಅಂತಾರೆ. ಕೂರೋದಾದರೆ ಅಂಚೆ ರಸೀದಿ ಕೈಗೆ ಬಂದ ಮೇಲೆ, ಮೊದಲೇ ಪತ್ರ ಕೊಟ್ಟು ತಾಲ್ಲೂಕು ಕಚೇರಿ ಎದುರು ಕೂರಿ.

ಪ್ರಶ್ನೆ (ಸಂಚಾಲಕ, ಸೊರಬ):
ಅಣ್ಣ, ಊರಿನ ಹಿರಿಯರು ರಾಜಿಗೆ ಕರೀತಿದ್ದಾರೆ. ದೂರಿನ ಪ್ರತಿಯಲ್ಲಿ ನೋಡಿದರೆ ‘ಜಾತಿ ನಿಂದನೆ’ ಅಂತ ಅಷ್ಟೇ ಇದೆ.

ಉತ್ತರ (ವಕೀಲೆ, ಶಿವಮೊಗ್ಗ):
ಬಾಕಿ ಕೂಲಿ ಅವರ ದುಡಿಮೆ, ಅದನ್ನು ಕೊಟ್ಟರೆ ತಗೊಳ್ಳಲಿ. ಅದಕ್ಕೆ ಬದಲಾಗಿ ಖಾಲಿ ಕಾಗದದ ಮೇಲೆ ಸಹಿ ಹಾಕೋದು ಬೇಡ. ಸಮಿತಿಯವರು ರಾಜಿ ದುಡ್ಡಿಗೆ ಮಧ್ಯಸ್ಥರಾಗಿ ಕೂತರೋ, ಇನ್ನೊಂದು ಸಲ ಆ ಕೇರಿಯವರು ನಿಮ್ಮನ್ನು ನಂಬಲ್ಲ. ಆರೋಪಿಗಳು ಜಾಮೀನು ಕೇಳಿದಾಗ ಕಲಂ 15ಎ ಪ್ರಕಾರ ಸಂತ್ರಸ್ತರಿಗೆ ನೋಟಿಸ್ ಬರಬೇಕು, ಅವತ್ತು ಅವರನ್ನು ಕೋರ್ಟಿಗೆ ಕರಕೊಂಡು ಬನ್ನಿ.

ಇವತ್ತು ಸಂಜೆ ಅವರ ಮನೆಯಲ್ಲೇ ಕೂತು ದೂರು ಬರೀರಿ. ಪೂರ್ತಿ ಓದಿ ಹೇಳಿ, ‘ಹೌದು, ಹಿಂಗೇ ಅಂದಿದ್ದು’ ಅಂತ ಅವರು ಒಪ್ಪಿದ ಮೇಲೆ ಸಹಿ ಹಾಕಿಸಿ. ಹೆಬ್ಬೆಟ್ಟಾದರೆ ಓದಿ ಹೇಳಿದವರ ಹೆಸರೂ ಕೆಳಗಿರಲಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ತಾರೀಖು, ಸಮಯ ಹಾಕಿಸದೆ ಹೊರಡಬೇಡಿ.